ಕಾರವಾರದ ಗಾಳಿಗೆ ಯಾವ ಬೋರ್ಡ್: ಟ್ವಿನ್ ಟಿಪ್ಪೋ, ಸ್ಟ್ರಾಪ್ ಇಲ್ಲದ ಡೈರೆಕ್ಷನಲ್ಲೋ?

ಕೈಟ್‌ಬೋರ್ಡ್ ಎಂದರೆ ಸವಾರ ಮೇಲೆ ನಿಂತು, ಕೈಟ್ ಎಂಬ ದೊಡ್ಡ ಗಾಳಿಪಟದ ಎಳೆತದಿಂದ ನೀರಿನ ಮೇಲೆ ಓಡಿಸುವ ಹಲಗೆ. ಇಲ್ಲಿ ಹೋಲಿಸುತ್ತಿರುವವು ಅಂಥ ಎರಡು. ಮೊದಲನೆಯದು 138 ಸೆಂ.ಮೀ. ಉದ್ದ, 41 ಸೆಂ.ಮೀ. ಅಗಲದ, ಮರದ ತಿರುಳಿನ ಮೇಲೆ ಗಾಜಿನ ನಾರು ಹೊದೆಸಿದ ಟ್ವಿನ್ ಟಿಪ್. ಅದರ ಎರಡೂ ತುದಿಗಳು ಒಂದೇ ಆಕಾರದವು, ಮೇಲೆ ಪಾದಗಳನ್ನು ಹಿಡಿದಿಡುವ ಸ್ಟ್ರಾಪ್‌ಗಳಿವೆ. ಎರಡನೆಯದು 5 ಅಡಿ 6 ಇಂಚು ಉದ್ದ, ಸುಮಾರು 25 ಲೀಟರ್ ಘನಗಾತ್ರ ಮತ್ತು ಅಡಿಯಲ್ಲಿ ಮೂರು ಫಿನ್‌ಗಳು, ಅಂದರೆ ನೀರನ್ನು ಕಚ್ಚಿ ಹಿಡಿಯುವ ರೆಕ್ಕೆಗಳು, ಇರುವ ಡೈರೆಕ್ಷನಲ್. ನೋಡಲು ಚಿಕ್ಕ ಸರ್ಫ್‌ಬೋರ್ಡಿನಂತಿರುವ ಇದರ ಮೂತಿ ಬೇರೆ, ಬಾಲ ಬೇರೆ, ಮೇಲೆ ನಿಲ್ಲಬೇಕಾದದ್ದು ಸ್ಟ್ರಾಪ್ ಇಲ್ಲದೆ ಬರಿಗಾಲಿನಲ್ಲಿ. ಎರಡನ್ನೂ ಕಾರವಾರದ ಟಾಗೋರ್ ಕಡಲತೀರ, ದೇವಬಾಗ ಮತ್ತು ಮಾಜಾಳಿಗಳಲ್ಲಿ ಒಂದೇ ಕೈಟಿಗೆ ಬದಲಿಸಿ ಬದಲಿಸಿ ಓಡಿಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಒಂದೇ ಬಗೆಯ ಎರಡು ಕಂಪನಿಗಳ ಬೋರ್ಡುಗಳ ನಡುವೆ ಇರುವ ವ್ಯತ್ಯಾಸಕ್ಕಿಂತ ಈ ಎರಡು ಬಗೆಗಳ ನಡುವಿನ ವ್ಯತ್ಯಾಸ ಎಷ್ಟೋ ದೊಡ್ಡದು.

ಮೊದಲು ಗಾಳಿಯ ವಿಚಾರ. ವಿಡಿಯೋಗಳಲ್ಲಿ ಕಾಣುವ 20–25 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿ ನಮ್ಮ ಕರಾವಳಿಯಲ್ಲಿ ಎಡೆಬಿಡದೆ ಬೀಸುವುದು ಮಳೆಗಾಲದಲ್ಲಿ ಮಾತ್ರ, ಮತ್ತು ಆಗ ಕಡಲಿಗೆ ಇಳಿಯುವ ಮಾತೇ ಇಲ್ಲ: ನೈಋತ್ಯದ ಗಾಳಿ ದಡಕ್ಕೇ ತಳ್ಳುತ್ತದೆ, ಅಲೆಗಳು ದಡದ ಅಂಚಿನಲ್ಲೇ ಮುರಿದು ಬೀಳುತ್ತವೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಷ್ಟಕ್ಕೆ ಸಿಕ್ಕಿದವರನ್ನು ಎತ್ತಿಕೊಂಡು ಬರಲು ಬೋಟುಗಳೂ ಹೊರಗಿರುವುದಿಲ್ಲ. ನಮಗೆ ಒದಗುವ ಋತು ಫೆಬ್ರವರಿಯಿಂದ ಮೇ ತಿಂಗಳವರೆಗಿನದು. ರಾತ್ರಿಯಿಡೀ ಘಟ್ಟದ ಕಡೆಯಿಂದ ಕಡಲಿಗೆ ಹರಿಯುವ ಮೂಡಣ ಗಾಳಿ ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ನಿಲ್ಲುತ್ತದೆ, ನೆಲ ಕಾದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ಮಧ್ಯಾಹ್ನ ಎರಡರಿಂದ ಐದರವರೆಗೆ ಅದು ಬಲವಾಗಿ ಬೀಸಿ ಸೂರ್ಯ ಇಳಿಯುತ್ತಿದ್ದಂತೆ ಸೋಲುತ್ತದೆ. ಹೆಚ್ಚಿನ ದಿನಗಳಲ್ಲಿ ಈ ಗಾಳಿ 10ರಿಂದ 14 ನಾಟ್ ಇರುತ್ತದೆ. 15 ದಾಟಿದರೆ ಒಳ್ಳೆಯ ದಿನ. ಕೈಟಿನ ಎಳೆತ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 12 ಮತ್ತು 15 ನಾಟ್‌ಗಳ ನಡುವಿನ ಅಂತರ ಕಾಗದದ ಮೇಲೆ ಸಣ್ಣದಾಗಿ ಕಂಡರೂ ಎಳೆತದಲ್ಲಿ ಒಂದೂವರೆ ಪಟ್ಟಿಗೂ ಮೀರಿದ ಅಂತರವಾಗುತ್ತದೆ. ಬೋರ್ಡಿನ ಆಯ್ಕೆ ನಿರ್ಧಾರವಾಗುವುದು ಈ ಅಂತರದಲ್ಲಿಯೇ.

15 ನಾಟ್ ಇರುವ ದಿನ ಟ್ವಿನ್ ಟಿಪ್ಪಿನ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. ನೀರಿನಲ್ಲಿ ಕುಳಿತು, ಸ್ಟ್ರಾಪಿಗೆ ಕಾಲು ತೂರಿಸಿ, ಕೈಟನ್ನು ಒಮ್ಮೆ ಕೆಳಕ್ಕೆ ಬೀಸಿದರೆ ಎದ್ದು ನಿಲ್ಲಿಸುತ್ತದೆ. ಹೋದ ದಿಕ್ಕಿನಿಂದ ಹಿಂತಿರುಗಲು ಕೈಟನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿದರೆ ಸಾಕು. ಹಿಂದಿನ ತುದಿಯೇ ಮುಂದಿನ ತುದಿಯಾಗುತ್ತದೆ, ಕಾಲು ಬದಲಿಸುವ ಕೆಲಸವಿಲ್ಲ. ಹಾರುವ ಆಸೆಯಿದ್ದವರಿಗೂ ಇದೇ ಸರಿ, ಏಕೆಂದರೆ ನೀರಿಗೆ ಅಂಚನ್ನು ಕಚ್ಚಿಸಿ ಒಮ್ಮೆಲೇ ಬಿಡುವ ತಂತ್ರ ಗಟ್ಟಿಯಾದ ತೆಳು ಬೋರ್ಡಿನಲ್ಲಿ ಸುಲಭವಾಗಿ ಒಲಿಯುತ್ತದೆ ಮತ್ತು ಗಾಳಿಯಲ್ಲಿದ್ದಾಗ ಬೋರ್ಡ್ ಕಾಲಿನಿಂದ ಕಳಚಿ ಹೋಗುವುದಿಲ್ಲ.

ಗಾಳಿ 12ಕ್ಕೆ ಇಳಿದಾಗ ಅದೇ ಬೋರ್ಡ್ ಬೇರೆಯೇ ವಸ್ತುವಿನಂತೆ ವರ್ತಿಸತೊಡಗುತ್ತದೆ. ಟ್ವಿನ್ ಟಿಪ್ಪಿಗೆ ಸವಾರನನ್ನು ಹೊರುವಷ್ಟು ಸ್ವಂತ ತೇಲುವಿಕೆ ಇಲ್ಲವೆಂದೇ ಹೇಳಬಹುದು. ಅದು ನೀರಿನ ಮೇಲಿರುವುದು ವೇಗದಿಂದ. ವೇಗ ಕಡಿಮೆಯಾದೊಡನೆ ಮುಳುಗುತ್ತದೆ, ಮುಳುಗದಿರಲೆಂದು ಕೈಟನ್ನು ಮೇಲೆ ಕೆಳಗೆ ಬೀಸುತ್ತಲೇ ಇರಬೇಕಾಗುತ್ತದೆ, ಹಾಗೆ ಬೀಸುತ್ತ ಗಾಳಿಗೆ ಎದುರಾಗಿ ಏರುವುದು ಸಾಧ್ಯವಾಗದೆ ಪ್ರತಿ ಸುತ್ತಿಗೂ ತೀರದುದ್ದಕ್ಕೆ ದಕ್ಷಿಣಕ್ಕೆ ಜಾರುತ್ತ ಹೋಗುತ್ತೇವೆ. ಆಮೇಲೆ ಕೈಟ್ ಹಿಡಿದುಕೊಂಡು ಮರಳಿನ ಮೇಲೆ ನಡೆದು ಹಿಂದಕ್ಕೆ ಬರಬೇಕು. ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲಿನಲ್ಲಿ ಕಾರವಾರದ ಮರಳ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಡೈರೆಕ್ಷನಲ್ ಬೋರ್ಡ್ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುವುದು ಈ 12 ನಾಟ್‌ಗಳಲ್ಲಿ. 25 ಲೀಟರ್ ಎಂದರೆ 70 ಕಿಲೋ ಮನುಷ್ಯನನ್ನು ನಿಂತಲ್ಲೇ ತೇಲಿಸುವಷ್ಟಲ್ಲ, ಆದರೆ ಗಾಳಿ ಕ್ಷಣಕಾಲ ತಗ್ಗಿದಾಗ ಮುಳುಗದೆ ತೆವಳಿಕೊಂಡಾದರೂ ಮುಂದಕ್ಕೆ ಹೋಗಲು ಅಷ್ಟು ಸಾಕು. ನೀರಿಗೆ ತಾಗುವ ಮೈ ಹೆಚ್ಚು ಅಗಲ, ಹೆಚ್ಚು ಉದ್ದ. ಟ್ವಿನ್ ಟಿಪ್ಪಿನ ನಾಲ್ಕು ಫಿನ್‌ಗಳು ತಲಾ ನಾಲ್ಕೈದು ಸೆಂ.ಮೀ. ಇದ್ದರೆ ಇದರ ಫಿನ್‌ಗಳು 11 ಸೆಂ.ಮೀ. ಆಸುಪಾಸಿನವು, ಹೀಗಾಗಿ ಅಂಚನ್ನು ಬಲವಾಗಿ ಒತ್ತದೆಯೂ ಬೋರ್ಡ್ ಗಾಳಿಗೆ ಎದುರಾಗಿ ಏರುತ್ತದೆ. ಒಂದೇ ಮಧ್ಯಾಹ್ನ, ಅದೇ 12 ಚದರ ಮೀಟರ್ ಕೈಟಿನಲ್ಲಿ, ಟ್ವಿನ್ ಟಿಪ್ ದಡದುದ್ದಕ್ಕೆ ಕೆಳಗೆ ಜಾರುತ್ತಿದ್ದಾಗ ಡೈರೆಕ್ಷನಲ್ ಹೊರಟ ಜಾಗಕ್ಕಿಂತ ಮೇಲಕ್ಕೆ ತಂದು ಮುಟ್ಟಿಸುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಋತುವಿನ ಎಷ್ಟೋ ಮಧ್ಯಾಹ್ನಗಳು ಕೈಟ್ ಮಡಚಿಟ್ಟು ಚಹಾ ಕುಡಿಯುವ ಮಧ್ಯಾಹ್ನಗಳಾಗದೆ ಉಳಿಯುವುದು ಈ ಒಂದು ಗುಣದಿಂದ.

ಎರಡನೆಯ ಗುಣ ಮೊಣಕಾಲಿಗೆ ಸಂಬಂಧಿಸಿದ್ದು. ಕಡಲಗಾಳಿ ಒಂದೆರಡು ಗಂಟೆ ಬೀಸಿದ ಮೇಲೆ ಕಾರವಾರದ ಕೊಲ್ಲಿಯಲ್ಲಿ ಗಿಡ್ಡ, ಒತ್ತೊತ್ತಾದ ತೆರೆಗಳು ಏಳುತ್ತವೆ. ಚಪ್ಪಟೆಯಾದ ಟ್ವಿನ್ ಟಿಪ್ ಅವುಗಳಲ್ಲಿ ಪ್ರತಿಯೊಂದಕ್ಕೂ ಬಡಿಯುತ್ತದೆ, ಕಾಲುಗಳು ಸ್ಟ್ರಾಪಿನಲ್ಲಿ ಸಿಕ್ಕಿರುವುದರಿಂದ ಆ ಪೆಟ್ಟು ನೇರವಾಗಿ ಮೊಣಕಾಲಿಗೂ ಸೊಂಟಕ್ಕೂ ಹೋಗುತ್ತದೆ. ಮೂತಿ ಎತ್ತಿಕೊಂಡಿರುವ ಡೈರೆಕ್ಷನಲ್ ಅದೇ ತೆರೆಗಳನ್ನು ನುಂಗಿಕೊಂಡು ಹೋಗುತ್ತದೆ. ಪಾದವನ್ನು ಬೇಕಾದಲ್ಲಿ ಸರಿಸಿಕೊಳ್ಳಲು ಸ್ವಾತಂತ್ರ್ಯವಿರುವುದರಿಂದ ಒಂದೇ ಭಂಗಿಯಲ್ಲಿ ಬಿಗಿಯಾಗಿ ನಿಲ್ಲುವ ಕಷ್ಟವಿಲ್ಲ. ನಲವತ್ತು ದಾಟಿದವರು ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಆದರೆ ಡೈರೆಕ್ಷನಲ್ ಕಲಿಕೆಯನ್ನು ಬೇಡುತ್ತದೆ, ಆ ಕಲಿಕೆಯ ಸ್ವರೂಪ ನಮ್ಮ ತೀರದ ದಿಕ್ಕನ್ನು ಅವಲಂಬಿಸಿದೆ. ಇದು ಮುಂದಕ್ಕೆ ಮಾತ್ರ ಹೋಗುವ ಬೋರ್ಡ್ ಆದ್ದರಿಂದ ಹಿಂತಿರುಗುವಾಗ ಬೋರ್ಡನ್ನೇ ಸುತ್ತು ತಿರುಗಿಸಿ ಕಾಲುಗಳ ಜಾಗವನ್ನು ಅದಲುಬದಲು ಮಾಡಬೇಕು. ಇಲ್ಲವೆಂದರೆ ಕಾಲು ಬದಲಿಸದೆ, ಬೆರಳುಗಳ ಕಡೆಗೆ ಒರಗಿಕೊಂಡು, ಟೋ ಸೈಡ್ ಎನ್ನುವ ಭಂಗಿಯಲ್ಲಿ ಬರಬೇಕು. ಪಶ್ಚಿಮಕ್ಕೆ ಮುಖ ಮಾಡಿರುವ ನಮ್ಮ ತೀರದಲ್ಲಿ ವಾಯವ್ಯ ಗಾಳಿ ಕಡಲಿಗೆ ಎದುರಾಗಿ ನಿಂತವನ ಬಲಗಡೆಯಿಂದ ಬರುತ್ತದೆ. ಕೈಟ್ ಓಡಿಸುವವನು ಗಾಳಿಗೆ ಬೆನ್ನು ಒರಗಿಸಿ ನಿಲ್ಲುವುದರಿಂದ ಇಲ್ಲಿ ಹೊರಕ್ಕೆ ಹೋಗುವಾಗ ಬಲಗಾಲು ಮುಂದಿರುತ್ತದೆ, ದಡಕ್ಕೆ ಬರುವಾಗ ಎಡಗಾಲು ಮುಂದಿರುತ್ತದೆ. ಎಡಗಾಲನ್ನು ಮುಂದಿಟ್ಟು ನಿಲ್ಲುವುದೇ ಸಹಜವಾಗಿರುವವರಿಗೆ, ಅಂದರೆ ಹೆಚ್ಚಿನವರಿಗೆ, ಇದು ಅನುಕೂಲ: ಅಲೆಯೊಂದಿಗೆ ಒಳಗೆ ಬರುವ ಸುಖದ ಭಾಗ ಅವರ ಒಳ್ಳೆಯ ಕಾಲಿನ ಮೇಲೆ ಬೀಳುತ್ತದೆ, ಒಗ್ಗದ ಕಾಲನ್ನು ಸಹಿಸಿಕೊಳ್ಳಬೇಕಾದದ್ದು ಹೊರಕ್ಕೆ ಹೋಗುವ ಕೆಲಸದ ಭಾಗದಲ್ಲಿ ಮಾತ್ರ. ಬಲಗಾಲು ಮುಂದಿಡುವವರಿಗೆ ಇದು ತಿರುವುಮುರುವು. ಅಂಥವರು ಕಾಲು ಬದಲಿಸುವುದನ್ನು ಶ್ರದ್ಧೆಯಿಂದ ಕಲಿಯದೆ ಈ ತೀರಕ್ಕಾಗಿ ಡೈರೆಕ್ಷನಲ್‌ಗೆ ದುಡ್ಡು ಹಾಕಬಾರದು. ಟ್ವಿನ್ ಟಿಪ್ಪಿನವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಸ್ಟ್ರಾಪ್ ಇಲ್ಲದ ಬೋರ್ಡಿನ ಬಗ್ಗೆ ಹೇಳಲೇಬೇಕಾದ ಗಂಭೀರ ಮಾತು, ಬೋರ್ಡ್ ಕಾಲಿನಿಂದ ತಪ್ಪಿಹೋಗುವುದು. ಬಿದ್ದೊಡನೆ ಕೈಟ್ ಸವಾರನನ್ನು ಗಾಳಿಯ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಬೋರ್ಡ್ ಗಾಳಿ ಬರುವ ಕಡೆಗೆ ಹಿಂದೆ ಉಳಿಯುತ್ತದೆ. ಅದನ್ನು ತಲುಪಲು ಒಂದು ಕೈಯನ್ನು ನೀರಿಗೆ ಚಾಚಿ, ಮೈಯನ್ನೇ ಫಿನ್‌ನಂತೆ ಬಳಸಿ, ಎಡಕ್ಕೂ ಬಲಕ್ಕೂ ಓರೆಯಾಗಿ ಎಳೆಸಿಕೊಳ್ಳುತ್ತ ಗಾಳಿಗೆ ಎದುರಾಗಿ ಏರಬೇಕು. ಬಾಡಿ ಡ್ರ್ಯಾಗ್ ಎಂದು ಕರೆಯುವ ಈ ಕೌಶಲ ಕಲಿಕೆಯ ಆರಂಭದಲ್ಲೇ ಬರುತ್ತದೆಯಾದರೂ ಸ್ಟ್ರಾಪ್ ಬಂದ ಮೇಲೆ ಬಹಳ ಜನ ಮರೆತುಬಿಡುತ್ತಾರೆ. ಸರ್ಫಿಂಗ್‌ನವರಂತೆ ಕಾಲಿಗೂ ಬೋರ್ಡಿಗೂ ಲೀಶ್ ಎಂಬ ಹಿಗ್ಗುವ ಹಗ್ಗವನ್ನು ಕಟ್ಟಿಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ಕೂಡದು. ಕೈಟ್ ಮುಂದಕ್ಕೆ ಎಳೆಯುವಾಗ ಲೀಶ್ ಹಿಗ್ಗಿ, ನೀರಿನಲ್ಲಿ ಸಿಕ್ಕಿದ್ದ ಬೋರ್ಡ್ ಕವಣೆಯ ಕಲ್ಲಿನಂತೆ ಹಿಂದಿನಿಂದ ತಲೆಗೆ ಬಂದು ಬಡಿಯುತ್ತದೆ.

ಟಾಗೋರ್ ಕಡಲತೀರದಲ್ಲಿ ಈ ವಿಚಾರಕ್ಕೆ ಇನ್ನಷ್ಟು ತೂಕವಿದೆ. ತೀರದ ಉತ್ತರ ತುದಿಯಲ್ಲಿ ಕಾಳಿ ನದಿಯ ಅಳಿವೆ, ದಕ್ಷಿಣ ತುದಿಯಲ್ಲಿ ಬೈತಖೋಲ ಮತ್ತು ಬಂದರು. ವಾಯವ್ಯ ಗಾಳಿ ನಮ್ಮನ್ನು ತಳ್ಳುವುದು ಬಂದರಿನ ಕಡೆಗೆ. ಅಲ್ಲಿ ಕಲ್ಲುಗಳಿವೆ, ಬೋಟುಗಳ ಓಡಾಟವಿದೆ, ಅದರಾಚೆ ದಕ್ಷಿಣಕ್ಕೆ ನಾಗರಿಕರಿಗೆ ಪ್ರವೇಶವಿಲ್ಲದ ನೌಕಾನೆಲೆಯ ನೀರು. ಗಾಳಿ ಸೋಲುವ ಐದು ಗಂಟೆಯ ಹೊತ್ತಿಗೆ ಬೋರ್ಡ್ ಕಳೆದುಕೊಂಡು ಅತ್ತ ಜಾರತೊಡಗಿದರೆ ಬೋರ್ಡಿನ ಆಸೆ ಬಿಟ್ಟು ಮೊದಲು ದಡ ಮುಟ್ಟುವುದೇ ವಿವೇಕ. ಡೈರೆಕ್ಷನಲ್ ಹಗುರವಾಗಿ ಎತ್ತರಕ್ಕೆ ತೇಲುವುದರಿಂದ ಅಲೆಗಳು ಅದನ್ನು ತಾವಾಗಿಯೇ ದಡಕ್ಕೆ ತರುವ ಸಂಭವ ಹೆಚ್ಚು, ದೂರದಿಂದ ಕಾಣಿಸುತ್ತದೆ ಕೂಡ. ಟ್ವಿನ್ ಟಿಪ್ ನೀರಿನ ಮಟ್ಟದಲ್ಲೇ ಚಪ್ಪಟೆಯಾಗಿ ತೇಲುವುದರಿಂದ ತೆರೆಗಳ ನಡುವೆ ಹುಡುಕುವುದು ಕಷ್ಟ. ಬೋರ್ಡ್ ಬಣ್ಣ ಆರಿಸುವ ಅವಕಾಶವಿದ್ದರೆ ನೀಲಿಯನ್ನೂ ಹಸಿರನ್ನೂ ಬಿಡಿ.

ಅಳಿವೆಯ ಹತ್ತಿರ ಆಡುವವರು ಫಿನ್‌ಗಳ ಉದ್ದವನ್ನು ಗಮನಿಸಬೇಕು. ಪ್ರತಿ ಮಳೆಗಾಲವೂ ಕಾಳಿಯ ಬಾಯಿಯಲ್ಲಿ ಮರಳ ದಿಬ್ಬಗಳನ್ನು ಸರಿಸಿಡುತ್ತದೆ, ಇಳಿತದ ಹೊತ್ತಿಗೆ ದಿಬ್ಬದ ಮೇಲೆ ಮೊಣಕಾಲುದ್ದ ನೀರೂ ಇರುವುದಿಲ್ಲ. ಟ್ವಿನ್ ಟಿಪ್ ಇಂಥ ಕಡೆ ಜಾರಿಕೊಂಡು ದಾಟಿಬಿಡುತ್ತದೆ. ಡೈರೆಕ್ಷನಲ್‌ನ ಫಿನ್ ಮರಳಿಗೆ ಕಚ್ಚಿದರೆ ಬೋರ್ಡ್ ಅಲ್ಲೇ ನಿಂತು ಸವಾರ ಮುಂದಕ್ಕೆ ಹೋಗುತ್ತಾನೆ, ಕೆಲವೊಮ್ಮೆ ಫಿನ್ ಕೂರುವ ಪೆಟ್ಟಿಗೆಯೇ ಕಿತ್ತು ಬರುತ್ತದೆ. ಈ ವರ್ಷ ದಿಬ್ಬ ಎಲ್ಲಿದೆ ಎಂಬುದನ್ನು ನಕ್ಷೆಗಿಂತ ಚೆನ್ನಾಗಿ ಹೇಳುವವರು ದಡದಲ್ಲಿ ಬಲೆ ನೇಯುತ್ತ ಕುಳಿತ ಖಾರ್ವಿ ಸಮಾಜದ ಹಿರಿಯರು. ಅವರನ್ನು ಮಾತಾಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ: ದಡದಿಂದ ಎಳೆಯುವ ರಂಪಣಿ ಅಥವಾ ಎಂಡಿ ಬಲೆ ಬಿಟ್ಟಿರುವಾಗ ಅರ್ಧವೃತ್ತದ ಆ ಇಡೀ ನೀರು ಅವರದು, ಬೋರ್ಡ್ ಯಾವುದಾದರೂ ಅದರ ಹಗ್ಗವನ್ನು ದಾಟಬಾರದು. ಉದ್ದ ಫಿನ್ ಹಗ್ಗಕ್ಕೆ ಸಿಕ್ಕಿದರೆ ಕೆಡುವುದು ಅವರ ಅಂದಿನ ದುಡಿಮೆ.

ಇಷ್ಟು ಕಡಿಮೆ ಗಾಳಿಗೆ ನೀರಿನಿಂದ ಮೇಲೆದ್ದು ಓಡುವ ಫಾಯಿಲ್ ಬೋರ್ಡೇ ಸರಿಯಲ್ಲವೇ ಎಂಬ ಆಕ್ಷೇಪ ಬರಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೈಟ್ ಸ್ಪರ್ಧೆ ನಡೆದದ್ದು ಫಾಯಿಲ್ ಮೇಲೆಯೇ. ಅದಕ್ಕೆ ಮೊದಲು 2018ರ ಯುವ ಒಲಿಂಪಿಕ್ಸ್‌ನಲ್ಲಿ ಟ್ವಿನ್ ಟಿಪ್ ಬಳಸಿದ್ದರು. ಗಾಳಿಯ ದೃಷ್ಟಿಯಿಂದ ಆಕ್ಷೇಪ ಸರಿ. ಆದರೆ ಫಾಯಿಲ್ ಬೋರ್ಡಿನಡಿ ಇರುವ ಸುಮಾರು ಒಂದು ಮೀಟರ್ ಉದ್ದದ ಕಂಬವನ್ನು ನೀರಿನಡಿ ಇಟ್ಟುಕೊಂಡು ಮರಳ ದಿಬ್ಬ ಮತ್ತು ಬಲೆಗಳಿರುವ ನೀರಿನಲ್ಲಿ ಓಡುವುದನ್ನು, ಕಲಿಕೆಯ ಹಂತದಲ್ಲಿರುವ ಯಾರಿಗೂ ನಾನು ಸೂಚಿಸಲಾರೆ.

ಇನ್ನು ಅಲೆ. ಕಾರವಾರದ ಕೊಲ್ಲಿಯಲ್ಲಿ ಏಪ್ರಿಲ್‌ವರೆಗೆ ಸವಾರಿಗೆ ಯೋಗ್ಯವಾದ ಅಲೆ ಅಪರೂಪ, ಆದ್ದರಿಂದ ಅಲೆಗಾಗಿಯೇ ಡೈರೆಕ್ಷನಲ್ ಕೊಳ್ಳುತ್ತೇನೆ ಎನ್ನುವವರ ಲೆಕ್ಕ ಇಲ್ಲಿ ಪೂರ್ತಿ ಸರಿಹೋಗುವುದಿಲ್ಲ. ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ ದೂರದ ಕಡಲಿನಿಂದ ಉಬ್ಬು ಬರತೊಡಗಿದಾಗ ದೇವಬಾಗ ಮತ್ತು ಮಾಜಾಳಿಯ ತೆರೆದ ತೀರಗಳಲ್ಲಿ, ಹಾಗೆಯೇ ಹೊನ್ನಾವರದ ಕಾಸರಕೋಡಿನ ಉದ್ದನೆಯ ತೀರದಲ್ಲಿ, ಕೆಲವು ಒಳ್ಳೆಯ ದಿನಗಳು ಸಿಗುತ್ತವೆ. ಆಗ ಬಾಲದ ಮೇಲೆ ತೂಕ ಹಾಕಿ ಅಲೆಯ ಮೈಮೇಲೆ ಬಿಲ್ಲಿನಂತೆ ತಿರುಗುವ ಅನುಭವಕ್ಕೆ ಟ್ವಿನ್ ಟಿಪ್ಪಿನಲ್ಲಿ ಸಾಟಿಯಿಲ್ಲ. ಸ್ಟ್ರಾಪ್ ಇಲ್ಲದೆ ಹಾರುವುದೂ ಸಾಧ್ಯ. ಕೇಪ್ ವರ್ಡೆಯ ಕೈಟ್ ಸವಾರ ಮಿತು ಮೊಂತೇರೊ ಅಂಥವರು ಅದನ್ನೊಂದು ಕಲೆಯಾಗಿಯೇ ಬೆಳೆಸಿದ್ದಾರೆ. ಬೋರ್ಡಿನ ಅಡಿಗೆ ಗಾಳಿ ಒತ್ತಿ ಹಿಡಿಯುವುದರಿಂದ ಅದು ಪಾದಕ್ಕೆ ಅಂಟಿಕೊಂಡಿರುತ್ತದೆ, ಹಾಗೆ ಒತ್ತುವಷ್ಟು ಗಾಳಿ ಬೇಕು ಅಷ್ಟೆ, ನಮ್ಮ 12 ನಾಟ್ ಅದಕ್ಕೆ ಸಾಲದು.

ಬಾಳಿಕೆಯಲ್ಲಿ ಟ್ವಿನ್ ಟಿಪ್ ನಿರ್ವಿವಾದವಾಗಿ ಮುಂದು. ಮರಳಿನಲ್ಲಿ ಎಳೆದರೂ, ಆಟೋದಲ್ಲಿ ಓರೆಯಾಗಿ ತುರುಕಿದರೂ ಅದಕ್ಕೆ ಏನೂ ಆಗುವುದಿಲ್ಲ. ಡೈರೆಕ್ಷನಲ್‌ನ ಒಳಗಿರುವುದು ಹಗುರವಾದ ಥರ್ಮೋಕೋಲ್ ಜಾತಿಯ ನೊರೆ, ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನ ತೆಳುವಾದ ಹೊದಿಕೆ. ಮುಂದಿನ ಪಾದದ ಹಿಮ್ಮಡಿ ಬೀಳುವ ಜಾಗ ಕಾಲಕ್ರಮದಲ್ಲಿ ತಗ್ಗಾಗುತ್ತದೆ, ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊದಿಕೆ ಏಳುವುದೂ ಉಂಟು. ಸಣ್ಣ ಬಿರುಕಾದರೂ ಒಣಗಿಸಿ ಮುಚ್ಚದೆ ನೀರಿಗಿಳಿಸಬಾರದು. ಇಲ್ಲಿ ಒಂದು ಎಚ್ಚರಿಕೆ: ನಮ್ಮ ಬಂದರುಗಳಲ್ಲಿ ಫೈಬರ್ ದೋಣಿ ದುರಸ್ತಿ ಮಾಡುವ ಕುಶಲಿಗಳು ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ; ಅದರಲ್ಲಿರುವ ಸ್ಟೈರೀನ್ ಈ ನೊರೆಯನ್ನು ಕರಗಿಸಿ ಬಿರುಕಿದ್ದ ಕಡೆ ಗುಂಡಿ ಮಾಡುತ್ತದೆ. ಕೈಕೆಲಸ ಅವರಿಂದಲೇ ಮಾಡಿಸಿ, ರೆಸಿನ್ ಮಾತ್ರ ಎಪಾಕ್ಸಿಯೇ ಆಗಿರಬೇಕು, ಅದನ್ನು ನೀವೇ ಒದಗಿಸಿ. ಹಿಡಿತಕ್ಕೆ ಮೇಣ ಹಚ್ಚುವ ಪದ್ಧತಿಯೂ ಇಲ್ಲಿ ಒಗ್ಗುವುದಿಲ್ಲ, ಏಪ್ರಿಲ್ ಬಿಸಿಲಿಗೆ ಅದು ಕರಗಿ ಮರಳಿನೊಂದಿಗೆ ಕಲಸಿಹೋಗುತ್ತದೆ. ಪೂರ್ತಿ ಮೇಲ್ಮೈಗೆ ರಬ್ಬರಿನಂಥ ಪ್ಯಾಡ್ ಅಂಟಿಸಿದ ಬೋರ್ಡನ್ನೇ ಕೊಳ್ಳಿ.

ಬೆಲೆ ಮತ್ತು ಸಾಗಾಟ ಬೇಗ ಮುಗಿಯುವ ವಿಷಯಗಳು. ಹೆಸರುವಾಸಿ ಕಂಪನಿಗಳ ಟ್ವಿನ್ ಟಿಪ್ ಯುರೋಪಿನಲ್ಲಿ ಹೆಚ್ಚಾಗಿ 500ರಿಂದ 800 ಯೂರೋಗಳಿಗೆ ಸಿಗುತ್ತದೆ, ಡೈರೆಕ್ಷನಲ್ ಅದಕ್ಕಿಂತ ಒಂದಿಷ್ಟು ಹೆಚ್ಚು. ತರಿಸುವ ಖರ್ಚು ಮತ್ತು ಸುಂಕ ಬೇರೆ. ಟ್ವಿನ್ ಟಿಪ್ ಕೈಟಿನೊಂದಿಗೆ ಒಂದೇ ಚೀಲದಲ್ಲಿ ಸೇರಿ ಕೊಂಕಣ ರೈಲಿನ ಸೀಟಿನಡಿ ಹೋಗುತ್ತದೆ. 168 ಸೆಂ.ಮೀ. ಉದ್ದದ ಡೈರೆಕ್ಷನಲ್ ಹಿಡಿದು ಸಿರಸಿಯಿಂದ ಬಸ್ಸಿನಲ್ಲಿ ಇಳಿದು ಬರುವವರಿಗೆ ಕಂಡಕ್ಟರನೊಂದಿಗೆ ಮಾತುಕತೆಯ ಚಾತುರ್ಯ ಬೇಕು.

ಹೀಗಾಗಿ ನನ್ನ ಸಲಹೆ ಇದು. ಗಾಳಿಗೆ ಎದುರಾಗಿ ಏರಲು ಇನ್ನೂ ಬಾರದವರು, ಅಥವಾ ಬಾಡಿ ಡ್ರ್ಯಾಗ್ ಮಾಡಿ ಬೋರ್ಡ್ ತಲುಪುವ ಭರವಸೆ ಇಲ್ಲದವರು, ಟ್ವಿನ್ ಟಿಪ್ಪನ್ನೇ ಕೊಳ್ಳಬೇಕು, ಅದರಲ್ಲೂ ತಮ್ಮ ತೂಕಕ್ಕೆ ಕಂಪನಿಯ ಅಳತೆ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಒಂದು ಅಳತೆ ದೊಡ್ಡದನ್ನು. 65ರಿಂದ 75 ಕಿಲೋ ಇರುವವರಿಗೆ 138–140 ಸೆಂ.ಮೀ. ಉದ್ದ, 41–42 ಸೆಂ.ಮೀ. ಅಗಲ, 80 ದಾಟಿದವರಿಗೆ 142–145 ಉದ್ದ, 43ಕ್ಕೆ ಕಡಿಮೆಯಿಲ್ಲದ ಅಗಲ. ಈ ಎರಡೂ ಕೌಶಲ ಕೈಸೇರಿದವರಿಗೆ ಈ ಕರಾವಳಿಯಲ್ಲಿ ಡೈರೆಕ್ಷನಲ್ಲೇ ಮೇಲು. ಒಂದೇ ಬೋರ್ಡ್ ಇಟ್ಟುಕೊಳ್ಳಬೇಕೆಂದರೆ ನಾನು ಇಟ್ಟುಕೊಳ್ಳುವುದು ಅದನ್ನೇ. ಮೊದಲ ಗುಂಪಿನ ತೂಕದವರಿಗೆ 5 ಅಡಿ 4 ಇಂಚಿನಿಂದ 5 ಅಡಿ 6 ಇಂಚು ಮತ್ತು 23–26 ಲೀಟರ್, ಭಾರದವರಿಗೆ 5 ಅಡಿ 8 ಇಂಚಿನ ಮೇಲೆ ಮತ್ತು 27–30 ಲೀಟರ್ ಸರಿಹೋಗುತ್ತದೆ.

ಹೊಸತು ದುಬಾರಿಯಾದ್ದರಿಂದ ಗೋವಾದ ಕಡೆಯಿಂದ ಬಳಸಿದ ಬೋರ್ಡ್ ತರುವವರೇ ಹೆಚ್ಚಾಗಿರುವಾಗ ಪರೀಕ್ಷೆಯ ಬಗ್ಗೆ ಎರಡು ಮಾತು. ಟ್ವಿನ್ ಟಿಪ್ಪಿನಲ್ಲಿ ಸ್ಟ್ರಾಪ್ ಕೂರಿಸುವ ಸ್ಕ್ರೂಗಳನ್ನೆಲ್ಲ ಒಮ್ಮೆ ಬಿಚ್ಚಿ ಹಾಕಿ ನೋಡಿ, ಸ್ಕ್ರೂ ಕೂರುವ ಲೋಹದ ಗೂಡು ಉಪ್ಪುನೀರಿಗೆ ತುಕ್ಕು ಹಿಡಿದಿದ್ದರೆ ಸರಿಪಡಿಸುವುದು ಕಷ್ಟ. ಡೈರೆಕ್ಷನಲ್‌ನಲ್ಲಿ ಮುಂಪಾದದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಫಿನ್‌ಗಳ ಬುಡದಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಕೊನೆಗೆ ತಕ್ಕಡಿಗೆ ಹಾಕಿ. ಈ ಅಳತೆಯ ಬೋರ್ಡ್ ಮೂರರಿಂದ ನಾಲ್ಕು ಕಿಲೋ ತೂಗಬೇಕು. ಐದರ ಹತ್ತಿರ ಬಂದರೆ ಒಳಗಿನ ನೊರೆ ನೀರು ಕುಡಿದಿದೆ ಎಂದೇ ತಿಳಿದು, ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ.